ಅಮ್ಮನ ಕಾರು, ನನ್ನ ಕಂತು

ಕಾರಿಗೆ ವಿಮೆ ಮಾಡಿಸುವುದೂ ಒಂದು ಕೆಲಸವೇ? ಭಾನುವಾರ ತಿಂಡಿ ತಿಂದು ಫೋನ್ ಹಿಡಿದು ಕೂತರೆ, ಸ್ನಾನಕ್ಕೆ ನೀರು ಕಾಯುವಷ್ಟರಲ್ಲಿ ಮುಗಿಸಿ ಏಳುತ್ತೇನೆ ಎಂದು ನಾನು ಅಮ್ಮನ ಮುಂದೆ ಕೊಚ್ಚಿಕೊಂಡೆ. ಕೊಚ್ಚಿಕೊಳ್ಳಲು ನನಗೆ ಕಾರಣವಿತ್ತು. ಡ್ರೈವಿಂಗ್ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದವಳು ನಾನು. ಪರೀಕ್ಷೆ ಮಾಡಿದವರು ಕಾರಿನಿಂದ ಇಳಿಯುವಾಗ "ಪರವಾಗಿಲ್ಲ" ಅಂದಿದ್ದರು. ಆ ಮನುಷ್ಯ ಆವರೆಗೆ ಯಾರಿಗೂ ಅಷ್ಟು ದೊಡ್ಡ ಹೊಗಳಿಕೆ ಕೊಟ್ಟಿರಲಿಲ್ಲವಂತೆ.

ಕಾರು ಬೇಕಾಗಿದ್ದು ಶೋಕಿಗಲ್ಲ. ನಾನು ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಮೆಕ್ಯಾನಿಕ್. ಹಿರಿಯರ ಬೆನ್ನ ಹಿಂದೆ ಟೂಲ್ ಬಾಕ್ಸ್ ಹೊತ್ತು ನಡೆದು ನಡೆದು ನನ್ನ ಬಲಗೈ ಎಡಗೈಗಿಂತ ಉದ್ದವಾಗಿತ್ತು. ಕೊನೆಗೂ ಒಂದು ದಿನ ಸೂಪರ್‌ವೈಸರ್ ಕರೆದರು.

"ಜನ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಾಗ ಹೋಗಿ ಬಿಡಿಸೋ ಕೆಲಸ ಖಾಲಿ ಇದೆ. ನಿನಗೇ ಕೊಡೋಣ ಅಂತ. ಆದ್ರೆ ಸ್ವಂತ ಗಾಡಿ ಇರ್ಬೇಕು, ಅದಕ್ಕೆ ಇನ್ಶೂರೆನ್ಸ್ ಇರ್ಬೇಕು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ."

ಗಾಡಿಯ ಚಿಂತೆ ಇರಲಿಲ್ಲ. ಅಮ್ಮ ಕಿಟಕಿ ಪರದೆ ಹೊಲಿಯುವವಳು. ಹೊಲಿದ ಪರದೆಗಳನ್ನು ಜನರ ಮನೆಗೆ ಒಯ್ದು ತೂಗುಹಾಕಲು ಅವಳ ಬಳಿ ಒಂದು ಹಳೇ ಕಾರಿತ್ತು. "ನನಗೆ ವಾರದಲ್ಲಿ ಎರಡು ಬೆಳಿಗ್ಗೆ ಸಿಕ್ರೆ ಸಾಕು ಕಣೇ. ನಿನ್ನ ಹೆಸರಿಗೇ ಮಾಡಿಸ್ಕೋ" ಎಂದು ಕೀಲಿ ಕೊಟ್ಟಳು.

ಆ ಕಾರನ್ನು ನೀವು ನೋಡಬೇಕು. ಎಡಗಡೆಯ ಬಾಗಿಲ ಮೇಲೆ ಅಂಗಡಿಯೊಂದರ ಕಂಬದ ಗುರುತಿದೆ. ಹಿಂದಿನ ಬಂಪರಿನಲ್ಲಿ ಪಕ್ಕದ ಮನೆಯವರ ಹೂಕುಂಡದ ಗುರುತಿದೆ. ಬಲಗಡೆಯ ಕನ್ನಡಿಯನ್ನು ನಮ್ಮದೇ ಗೇಟು ಎರಡು ಸಲ ಕಿತ್ತುಕೊಂಡಿದೆ. ಅಮ್ಮ ಇದುವರೆಗೆ ಯಾವುದಕ್ಕೂ ವಿಮಾ ಕಂಪನಿಯಿಂದ ಒಂದು ಕಾಸು ಕೇಳಿದವಳಲ್ಲ. ಬಣ್ಣದ ಡಬ್ಬಿ ತಂದು ತಾನೇ ಬಳಿದುಬಿಡುತ್ತಾಳೆ. ಕೇಳಿದರೆ, "ನಾನೆಲ್ಲಿ ಗುದ್ದಿದೆ? ಅವು ಅಡ್ಡ ನಿಂತಿದ್ವು" ಅನ್ನುತ್ತಾಳೆ.

ಭಾನುವಾರ ಬಂತು. ಮೊದಲ ಕಂಪನಿಗೆ ಫೋನ್ ಮಾಡಿದೆ. ಜೇನಿನಂಥ ದನಿಯ ಹುಡುಗಿಯೊಬ್ಬಳು ಎತ್ತಿದಳು.

"ನಿಮ್ಮ ವಯಸ್ಸು ಮೇಡಂ?"

ಹೇಳಿದೆ. ಜೇನು ಸ್ವಲ್ಪ ಗಟ್ಟಿಯಾಯಿತು.

"ಲೈಸೆನ್ಸ್ ಬಂದು ಎಷ್ಟು ದಿನ ಆಯ್ತು?"

"ಹೋದ ತಿಂಗಳು."

"ಅಯ್ಯೋ" ಅಂದಳು. ಸತ್ತವರ ಮನೆಗೆ ಬಂದವರು ಅನ್ನುತ್ತಾರಲ್ಲ, ಅದೇ ದನಿಯಲ್ಲಿ. ಆಮೇಲೆ ಒಂದು ಮೊತ್ತ ಹೇಳಿದಳು.

"ಇಲ್ಲ ಮೇಡಂ, ನಾನು ಹೊಸ ಕಾರು ತಗೊಳ್ತಿಲ್ಲ. ಇರೋ ಕಾರಿಗೆ ವಿಮೆ ಕೇಳ್ತಿದೀನಿ" ಎಂದೆ.

"ಅದು ವಿಮೆಗೇ ಮೇಡಂ. ಒಂದು ವರ್ಷಕ್ಕೆ."

ಮೂಗಿಗಿಂತ ಮೂಗುತಿ ಭಾರ ಎಂದು ಕೇಳಿದ್ದೆ. ಇಲ್ಲಿ ಮೂಗುತಿ ಕೊಳ್ಳಲು ಮೂಗನ್ನೇ ಮಾರಬೇಕಿತ್ತು. ಆ ಹಣದಲ್ಲಿ ಇಂಥದ್ದೇ ಇನ್ನೊಂದು ಕಾರು ಬಂದು, ಅದಕ್ಕೆ ಬಳಿಯಲು ಬಣ್ಣವೂ ಬರುತ್ತಿತ್ತು. ನಾನು ಕಿಡಿಕಿಡಿಯಾಗಿ ಅಮ್ಮನ ಹೊಲಿಗೆ ಮಿಷನ್ನಿನ ಮುಂದೆ ನಿಂತೆ.

"ಅಮ್ಮ, ನೀನು ಎಷ್ಟು ಕಟ್ತಿದ್ದೆ?"

ಅವಳು ಹೇಳಿದ್ದು ಕೇಳಿ ನನಗೆ ಕಣ್ಣು ಕತ್ತಲೆ ಬಂತು. ಅದೇ ಕಾರು, ಅದೇ ಬೀದಿ, ಕನ್ನಡಿ ಕಿತ್ತ ಅದೇ ಗೇಟು. ಕಂಬ ಕಂಡಲ್ಲೆಲ್ಲ ಕೈಕುಲುಕಿ ಬರುವವಳಿಗೆ ಚಿಲ್ಲರೆ ಕಂತು. ಒಂದು ಇರುವೆಯನ್ನೂ ತುಳಿಯದ ನನಗೆ ಬೆಟ್ಟದಂಥ ಕಂತು. ಇದು ಕಂತಲ್ಲ, ಕುತ್ತು.

"ಇದ್ಯಾವ ನ್ಯಾಯ ಅಮ್ಮ? ನಾನೇನು ತಪ್ಪು ಮಾಡಿದೀನಿ?"

"ಇನ್ನೂ ಮಾಡಿಲ್ಲ. ಅದಕ್ಕೇ ಅವರಿಗೆ ಭಯ" ಎಂದಳು ಅಮ್ಮ, ನೂಲನ್ನು ಹಲ್ಲಿನಲ್ಲಿ ಕಡಿಯುತ್ತ.

ಎರಡನೇ ಕಂಪನಿಯವನು ನನ್ನ ಉದ್ಯೋಗ ಕೇಳಿದ. ನಾನು ಅಷ್ಟರಲ್ಲಿ ಸಿಟ್ಟಿನಲ್ಲಿದ್ದೆ. "ಜನರನ್ನ ಮೇಲಕ್ಕೆ ಕಳಿಸೋದು" ಎಂದುಬಿಟ್ಟೆ. ಲಿಫ್ಟ್ ಎಂದು ವಿವರಿಸುವಷ್ಟರಲ್ಲಿ ಫೋನ್ ಕಟ್ಟಾಗಿತ್ತು. ಮೂರನೆಯವನು, "ನಿಮಗೆ ಸ್ವಲ್ಪ ವಯಸ್ಸಾದ ಮೇಲೆ ಕರೆ ಮಾಡಿ" ಎಂದ. "ನಿಮ್ಮ ಜೊತೆ ಮಾತಾಡ್ತಾನೇ ವಯಸ್ಸಾಗ್ತಿದೆ" ಎಂದೆ. ಸ್ನಾನದ ನೀರು ಕಾದು, ಆರಿ, ಮತ್ತೆ ಕಾದು, ಮತ್ತೆ ಆರಿತು.

ಸಂಜೆಯ ಹೊತ್ತಿಗೆ ಒಬ್ಬ ಪುಣ್ಯಾತ್ಮ ಸಿಕ್ಕಿದ. ಮೆದು ಮಾತಿನ ಅಧಿಕಾರಿ. "ಕಂತು ಇಳಿಸೋಕೆ ಎರಡು ದಾರಿ ಇದೆ ಮೇಡಂ. ಒಂದು, ಕಾರಿನೊಳಗೆ ನಮ್ಮದೊಂದು ಪೆಟ್ಟಿಗೆ ಕೂರಿಸ್ತೀವಿ. ನೀವು ಹೇಗೆ ಓಡಿಸ್ತೀರಿ ಅಂತ ಅದು ದಿನಾ ಮಾರ್ಕ್ಸ್ ಕೊಡುತ್ತೆ. ಮಾರ್ಕ್ಸ್ ತೀರಾ ಕಮ್ಮಿ ಆದ್ರೆ ಪಾಲಿಸಿ ರದ್ದು."

"ಕೂರಿಸಿ. ನೂರಕ್ಕೆ ನೂರು ತೆಗೀತೀನಿ. ಇನ್ನೊಂದು?"

"ಮನೇಲಿ ಅನುಭವ ಇರೋ ಚಾಲಕರು ಯಾರಾದ್ರೂ ಇದ್ರೆ, ಎರಡನೇ ಚಾಲಕರು ಅಂತ ಅವರ ಹೆಸರು ಸೇರಿಸಿ."

ನಾನು ತಲೆಯೆತ್ತಿ ನೋಡಿದೆ. ಅನುಭವ ಆ ಹೊತ್ತಿಗೆ ಸೂಜಿಗೆ ದಾರ ಪೋಣಿಸುತ್ತ ಕೂತಿತ್ತು. ಹೇಗೂ ಅವಳಿಗೂ ವಾರಕ್ಕೆರಡು ಬೆಳಿಗ್ಗೆ ಕಾರು ಬೇಕಲ್ಲ ಎಂದು, ಹಲ್ಲು ಕಚ್ಚಿಕೊಂಡು ಅಮ್ಮನ ಹೆಸರು ಹೇಳಿದೆ. ಕಂತು ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಕೆಳಗಿಳಿಯಿತು.

"ನನ್ನ ಹೆಸರಿಗೆ ಇಷ್ಟು ಬೆಲೆ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು" ಎಂದಳು ಅಮ್ಮ. ಆ ವಾರವೆಲ್ಲ ಅದನ್ನೇ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದಳು.

ಪೆಟ್ಟಿಗೆ ಬಂತು. ಸೋಪಿನ ಡಬ್ಬಿಯಷ್ಟು ದೊಡ್ಡದು. ಸ್ಟೀರಿಂಗಿನ ಕೆಳಗೆ ಕತ್ತಲಲ್ಲಿ ಕೂತು ಮಿಣಿಮಿಣಿ ಎನ್ನುತ್ತಿತ್ತು. ನಾನು ಹೊಸ ಕೆಲಸಕ್ಕೆ ಸೇರಿದೆ. ಫೋನ್ ಬರುವುದೇ ತಡ, ಟೂಲ್ ಬಾಕ್ಸನ್ನು ಹಿಂದಿನ ಸೀಟಿಗೆ ಎಸೆದು ಹೊರಡುತ್ತಿದ್ದೆ. ಲಿಫ್ಟಿನೊಳಗಿಂದ ಬಿಡುಗಡೆಯಾದವರು ನನ್ನನ್ನು ದೇವರಂತೆ ನೋಡುತ್ತಿದ್ದರು. ಪೆಟ್ಟಿಗೆ ಮಾತ್ರ ಹಾಗೆ ನೋಡಲಿಲ್ಲ. ವಾರದ ಕೊನೆಗೆ ಫೋನಿನಲ್ಲಿ ಬಂದ ಮಾರ್ಕ್ಸು ಹತ್ತನೇ ತರಗತಿಯಲ್ಲಿ ನನ್ನ ಗಣಿತಕ್ಕೆ ಬಂದದ್ದಕ್ಕಿಂತ ಕಡಿಮೆ ಇತ್ತು. ಜೋರಾಗಿ ಬ್ರೇಕ್ ಹಾಕಿದ್ದೀರಿ, ತಿರುವಿನಲ್ಲಿ ವೇಗ ಹೆಚ್ಚು, ಹೊರಡುವಾಗ ಜಿಗಿತ ಎಂದು ಆಪಾದನೆಗಳ ಸರಮಾಲೆ ಬೇರೆ.

ನಾನು ಮತ್ತು ಜಿಗಿತ? ಪರೀಕ್ಷೆ ಮಾಡಿದವರಿಂದಲೇ ಪರವಾಗಿಲ್ಲ ಅನ್ನಿಸಿಕೊಂಡವಳು ನಾನು. ಯೋಚಿಸಿದಷ್ಟೂ ಒಂದೇ ಉತ್ತರ ಹೊಳೆಯಿತು. ಕಾರು ಓಡಿಸುವವರು ಇಬ್ಬರು. ತಪ್ಪು ನನ್ನದಲ್ಲ ಅಂದಮೇಲೆ ಉಳಿದವರು ಯಾರು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅದೂ ಆ ಕನ್ನಡಿ ಗೇಟಿನ ಪಾಲಾಗಿರುವಾಗ?

"ಅಮ್ಮ, ನೀನು ಓಡಿಸೋ ರೀತಿಗೆ ನನ್ನ ಮಾರ್ಕ್ಸ್ ಹೋಗ್ತಿದೆ. ಇನ್ಮೇಲೆ ಕಾರು ಮುಟ್ಬೇಡ."

ಅಮ್ಮ ಕತ್ತರಿ ಕೆಳಗಿಟ್ಟಳು. "ಮುಟ್ಬಾರದಾ?"

"ಪಾಲಿಸಿ ರದ್ದಾದ್ರೆ ನನ್ನ ಕೆಲಸ ಹೋಗುತ್ತೆ."

"ಪರದೆ ಕಂಬಿ ಹೇಗೆ ಒಯ್ಯಲಿ?"

"ಬಸ್ಸಲ್ಲಿ."

ಅವಳು ಮತ್ತೆ ಕತ್ತರಿ ಕೈಗೆತ್ತಿಕೊಂಡಳು. ಮರುದಿನ ಆಳೆತ್ತರದ ಕಂಬಿಗಳನ್ನು ಈಟಿಯ ಹಾಗೆ ನೆಟ್ಟಗೆ ಹಿಡಿದು ಬಸ್ ಹತ್ತಿದಳು. ಯುದ್ಧಕ್ಕೆ ಹೊರಟ ರಾಣಿಗೆ ದಾರಿ ಬಿಟ್ಟಂತೆ ಪ್ರಯಾಣಿಕರೆಲ್ಲ ಪಕ್ಕಕ್ಕೆ ಸರಿದರು. ನನಗೆ ಒಳಗೊಳಗೇ ಕಸಿವಿಸಿಯಾಯಿತು. ಆದರೂ ನ್ಯಾಯ ನ್ಯಾಯವೇ ಎಂದುಕೊಂಡು ಕಾರು ಹತ್ತಿದೆ.

ಆ ವಾರದ ಮಾರ್ಕ್ಸು ಬಂತು. ಹಿಂದಿನದಕ್ಕಿಂತ ಅರ್ಧ. ಜೊತೆಗೆ, ಇದು ಕೊನೆಯ ಎಚ್ಚರಿಕೆ ಎಂಬ ಸಂದೇಶ.

ಈಗ ನನ್ನ ಸಿಟ್ಟು ನೆತ್ತಿಗೇರಿತು. ಅಂದರೆ ಪೆಟ್ಟಿಗೆಯೇ ಕೆಟ್ಟಿದೆ ಎಂದಾಯಿತು. ಕಂಪನಿಯ ಮಾನ ಹರಾಜಾಗುವುದನ್ನು ಅಮ್ಮನೂ ಕೇಳಲಿ ಎಂದು ಸ್ಪೀಕರ್ ಹಾಕಿ, ಆ ಮೆದು ಮಾತಿನ ಅಧಿಕಾರಿಗೆ ಫೋನ್ ಹಚ್ಚಿದೆ.

"ನಿಮ್ಮ ಪೆಟ್ಟಿಗೆ ಸರಿಯಿಲ್ಲ. ಬಂದು ಕಿತ್ಕೊಂಡು ಹೋಗಿ."

"ಪೆಟ್ಟಿಗೆ ಸರಿಯಾಗಿದೆ ಮೇಡಂ. ಹೋದ ವಾರದ ತನಕ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಯಾರೋ ತುಂಬಾ ಚೆನ್ನಾಗಿ ಓಡಿಸ್ತಿದ್ರು. ಹೂವು ಎತ್ತಿಟ್ಟ ಹಾಗೆ. ಅದರಿಂದಲೇ ನಿಮ್ಮ ಪಾಲಿಸಿ ಉಳಿದಿತ್ತು. ಈ ವಾರ ಅವರು ಬಂದೇ ಇಲ್ಲ. ಹುಷಾರಾಗಿದಾರಾ?"

ಹೊಲಿಗೆ ಮಿಷನ್ ನಿಂತಿತು.

"ಅವರು ಹಿಂದಕ್ಕೆ ತೆಗೆಯುವಾಗ ಕಂಡ ಕಂಬಕ್ಕೆಲ್ಲ ತಾಗಿಸ್ತಾರೆ, ಗೊತ್ತಾ ನಿಮಗೆ?" ಎಂದೆ.

"ತಾಗಿಸಿದ್ರೂ ನಿಧಾನಕ್ಕೆ ತಾಗಿಸ್ತಾರೆ ಅನ್ಸುತ್ತೆ. ಪೆಟ್ಟಿಗೆಗೆ ಗೊತ್ತೇ ಆಗಿಲ್ಲ." ಆಮೇಲೆ ಕೀಲಿಮಣೆ ಕುಟ್ಟುವ ಸದ್ದು ಕೇಳಿತು. "ಒಂದು ಉಪಾಯ ಇದೆ ಮೇಡಂ. ಒಬ್ಬ ಚಾಲಕರ ಹೆಸರು ತೆಗೆದ್ರೆ ಎಚ್ಚರಿಕೆ ರದ್ದಾಗುತ್ತೆ, ಕಂತೂ ಅರ್ಧಕ್ಕರ್ಧ ಇಳಿಯುತ್ತೆ."

ಅರ್ಧಕ್ಕರ್ಧ ಎಂದು ಕಿವಿಗೆ ಬಿದ್ದಮೇಲೆ ನನಗೆ ಬೇರೇನೂ ಕೇಳಲಿಲ್ಲ. "ತೆಗೀರಿ, ಈಗಲೇ ತೆಗೀರಿ" ಎಂದೆ.

"ಸರಿ ಮೇಡಂ. ನಿಮ್ಮ ಹೆಸರು ಹೇಗೆ ಬರೆಯೋದು ಅಂತ ಒಮ್ಮೆ ಹೇಳಿಬಿಡಿ, ತೆಗೆದುಬಿಡ್ತೀನಿ."

ಸ್ಪೀಕರ್ ಆರಿಸುವ ಗುಂಡಿ ಎಲ್ಲಿದೆ ಎಂದು ನನಗೆ ಆ ಕ್ಷಣಕ್ಕೆ ಮರೆತೇಹೋಯಿತು. ಅಮ್ಮ ಎದ್ದು ಬಂದು ಫೋನಿಗೆ ಬಾಗಿದಳು.

"ತೆಗೀಬೇಡಪ್ಪ. ಮಗುವಿಗೆ ಕೆಲಸ ಹೋಗುತ್ತೆ. ಇನ್ನೊಂದು ತಿಂಗಳು ನೋಡು, ನಾನು ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ."

"ನೀವು ಹೇಳಿದ್ಮೇಲೆ ಆಯ್ತಮ್ಮ" ಎಂದ ಆ ಅಧಿಕಾರಿ. ನಾನು ಇಡೀ ಭಾನುವಾರ ಗಂಟಲು ಹರಿದುಕೊಂಡರೂ ಕದಲದ ವಿಮಾ ಲೋಕ ಅಮ್ಮನ ಒಂದೇ ಮಾತಿಗೆ ಕೈಮುಗಿದಿತ್ತು.

ಮರುದಿನ ಬೆಳಿಗ್ಗೆಯೇ ಕರೆ ಬಂತು. ಎತ್ತರದ ಕಟ್ಟಡವೊಂದರ ಲಿಫ್ಟಿನಲ್ಲಿ ನಾಲ್ಕಾರು ಜನ ಸಿಕ್ಕಿಕೊಂಡಿದ್ದಾರೆ, ಬೇಗ ಬನ್ನಿ ಎಂದರು. ಅಮ್ಮ ಹೊಲಿಗೆ ಬಿಟ್ಟು ಬಂದು ಪಕ್ಕದ ಸೀಟಿನಲ್ಲಿ ಕೂತಳು. ನಾನು ಕೀಲಿ ತಿರುಗಿಸಿ ಅಭ್ಯಾಸದಂತೆ ಕಾಲು ಒತ್ತಿದೆ. ಕಾರು ಜಿಗಿಯಿತು. ಅಮ್ಮ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಎಲ್ಲಿಗೆ ಇಷ್ಟು ಅವಸರ?"

"ಜನ ಸಿಕ್ಕಿಹಾಕ್ಕೊಂಡಿದಾರಮ್ಮ!"

"ಹೌದಲ್ಲ? ಮತ್ತೆ ನೀನು ಹೋಗೋ ತನಕ ಅವರು ಎಲ್ಲಿಗೆ ಓಡಿಹೋಗ್ತಾರೆ? ನಿಧಾನಕ್ಕೆ ನಡಿ."