ಕಪ್ಪಂಚಿನ ಲಕೋಟೆ

ಬಸವೇಶ್ವರನಗರದ ಚಕ್ರಪಾಣಿಯವರಿಗೆ ನಾಲ್ಕು ದಿನದಿಂದ ಊಟ ಸೇರುತ್ತಿಲ್ಲ. ಕಾರಣ, ಬೀರುವಿನಲ್ಲಿ ಪಂಚಾಂಗದ ಕೆಳಗೆ ಬಚ್ಚಿಟ್ಟ ಒಂದು ಲಕೋಟೆ. ೧೮೪೩ರದು, ಲಂಡನ್ನಿನದು. ಅದರ ಮೇಲೆ ವಿಕ್ಟೋರಿಯಾ ರಾಣಿಯ ಒಂದು ಪೆನ್ನಿಯ ಕೆಂಪು ಸ್ಟಾಂಪು, ಸ್ಟಾಂಪಿನ ಮೇಲೆ ಶಿಲುಬೆಯಾಕಾರದ ಕಪ್ಪು ಠಸ್ಸೆ. ಠಸ್ಸೆ ಇಷ್ಟು ಸ್ಪಷ್ಟವಾಗಿ ಬಿದ್ದದ್ದು ಮೂವತ್ತು ವರ್ಷದ ಹುಡುಕಾಟದಲ್ಲಿ ಸಿಕ್ಕಿದ್ದು ಇದೊಂದೇ. ಭಾನುವಾರದ ಅಂಚೆಚೀಟಿ ಪ್ರದರ್ಶನದಲ್ಲಿ ಇದನ್ನಿಟ್ಟು, ದೀಪಾಂಜಲಿ ನಗರದ ಪ್ರತಿಸ್ಪರ್ಧಿ ಕಾಂತರಾಜುವಿನ ಬಾಯಿ ಮುಚ್ಚಿಸುವುದೇ ಅವರ ಈ ಜನ್ಮದ ಪರಮ ಪುರುಷಾರ್ಥ.

ಆದರೆ ಲಕೋಟೆಯ ಸುತ್ತ ಕಪ್ಪು ಅಂಚಿತ್ತು. ಅಂದರೆ ಒಳಗಿದ್ದದ್ದು ಯಾರದೋ ಸಾವಿನ ಸುದ್ದಿ. ಅಂಥ ಕಾಗದವನ್ನು ಹೆಂಡತಿ ಅಲಮೇಲು ಹೊಸಿಲು ದಾಟಲು ಬಿಟ್ಟವರಲ್ಲ, ಗೇಟಿನಲ್ಲೇ ಹರಿದು ಹಾಕುವವರು. (ಹೋದ ವರ್ಷ ವೈಕುಂಠ ಸಮಾರಾಧನೆಯ ಕಾರ್ಡೊಂದನ್ನು ಓದುವ ಮೊದಲೇ ಹರಿದಿದ್ದರು. ಹೋದದ್ದು ಯಾರೆಂದು ತಿಳಿಯಲು ಚಕ್ರಪಾಣಿಯವರು ಮದುವೆ ಮುಂಜಿಗಳಲ್ಲಿ ಇಂದಿಗೂ ನೆಂಟರ ತಲೆ ಎಣಿಸುತ್ತಾರೆ.)

ಶನಿವಾರ ಸಂಜೆ ಅಲಮೇಲು ದೇವಸ್ಥಾನಕ್ಕೆ ಹೋದದ್ದೇ ತಡ, ಲಕೋಟೆಯನ್ನು ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದು ಕೂತರು. ಕೂತವರು ಮೈಮರೆತರು. ಗೇಟು ಕಿರ್ರೆಂದಿತು.

ಬೀರುವಿನವರೆಗೆ ಓಡುವಷ್ಟು ಹೊತ್ತಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ದೇವರ ಮುಂದೆ ಕಲಸಿಟ್ಟ ಅರಿಶಿನದ ಬಟ್ಟಲು. ಮೂಲೆಗೆ ಅರಿಶಿನ ಹಚ್ಚಿದ ಕಾಗದವನ್ನು ಯಾವ ಗೃಹಿಣಿ ತಾನೇ ಹರಿಯುತ್ತಾಳೆ? ಬೆರಳದ್ದಿ ನಾಲ್ಕೂ ಮೂಲೆಗೆ ಒತ್ತಿಬಿಟ್ಟರು. ಮೇಲಿನ ಬಲ ಮೂಲೆಯಲ್ಲಿ ರಾಣಿ ಕೂತಿದ್ದಾಳೆಂಬುದು ಒತ್ತಿದ ಮೇಲೆ ನೆನಪಾಯಿತು.

"ಯಾರ ಮದುವೆ ಕಾಗದ ರೀ?" ಅಲಮೇಲು ಒಳಗೆ ಬರುತ್ತಲೇ ಕೇಳಿದರು.

"ದೂರದವರದು. ವಿಕ್ಟೋರಿಯಾ ಕಡೆಯವರು."

ಅಲಮೇಲು ಬಗ್ಗಿ ನೋಡಿದರು. "ಇದು ಪಂಚಾಂಗದ ಕೆಳಗಿತ್ತಲ್ಲ? ಬುಧವಾರ ಏಕಾದಶಿ ನೋಡೋವಾಗಲೇ ನೋಡಿದ್ದೆ. ಚೆನ್ನಾಗಿರೋ ಕಾಗದಕ್ಕೆ ಯಾಕ್ರೀ ಅರಿಶಿನ ಬಳಿದ್ರಿ?"

ಚಕ್ರಪಾಣಿಯವರು ಭೂತಗನ್ನಡಿ ಕೆಳಗಿಟ್ಟರು. "ನೀನು... ಹರೀಲಿಲ್ವಾ?"

"ಸಾವಿರದ ಎಂಟುನೂರ ನಲವತ್ಮೂರರಲ್ಲಿ ಹೋದವರಿಗೆ ಈಗೆಂಥ ಸೂತಕ? ನಿಮ್ಮ ಸ್ಟಾಂಪು ಅಂತ ಗೊತ್ತಾಗಿ ಇದ್ದ ಹಾಗೇ ಇಟ್ಟೆ."

ಚಕ್ರಪಾಣಿಯವರು ಒದ್ದೆ ಹತ್ತಿಯಿಂದ ಒರೆಸಿದರು. ಅರಿಶಿನ ಠಸ್ಸೆಯನ್ನೂ ದಾಟಿ ಹರಡಿ ರಾಣಿಯನ್ನು ಎಣ್ಣೆಸ್ನಾನಕ್ಕೆ ಅಣಿಮಾಡಿತು. ಮೂವತ್ತು ವರ್ಷ ಹುಡುಕಿದ್ದನ್ನು ಮೂರು ನಿಮಿಷದಲ್ಲಿ ತಾವೇ ಕೊಂದಿದ್ದರು. ಅವರಿಗೆ ಅಳು ಬಂತು.

"ಅರಿಶಿನದ ಕಲೆ ಹೋಗಲ್ಲ ರೀ," ಎಂದರು ಅಲಮೇಲು, ಮೆತ್ತಗೆ. "ನಾಳೆ ಕಾಂತರಾಜು ಅವರಿಗೆ ತೋರಿಸೋವಾಗ ಎರಡು ಕಾಳು ಅಕ್ಷತೆ ಇಟ್ಟು ಕೊಡಿ."