ಗೋಡೆಯ ಬೂಷ್ಟು ಮತ್ತು ನನ್ನ ಬಿಎಸ್ಸಿ

ಮುಂಬಯಿಯ ವಡಾಲದ ನಮ್ಮ ಬಾಡಿಗೆ ಮನೆಯಲ್ಲಿ ಮಳೆಗಾಲ ಶುರುವಾದರೆ ಸಾಕು, ಟಿವಿ ಹಾಕುವ ಅಗತ್ಯವೇ ಬೀಳುವುದಿಲ್ಲ. ಮಲಗುವ ಕೋಣೆಯ ಹೊರಗೋಡೆಗೆ ಪ್ರತಿ ವರ್ಷ ಬೂಷ್ಟು ಬರುತ್ತದೆ, ಅದರ ಹಿಂದೆಯೇ ತಮಾಷೆಯೂ ಬರುತ್ತದೆ.

ಈ ಸಲ ಮಾತ್ರ ವಿಷಯ ಗಂಭೀರವಿತ್ತು. ಓನರ್ ಅಕ್ಕ ನಮ್ಮ ಉಡುಪಿ ಕಡೆಯವರೇ. ಮೇ ತಿಂಗಳಲ್ಲೇ ಹೇಳಿಬಿಟ್ಟಿದ್ದರು: "ಇನ್ನೊಮ್ಮೆ ಗೋಡೆ ಕಪ್ಪಾದರೆ ನೀವು ಬೇರೆ ಮನೆ ನೋಡಿ." ನಾನು ಆಗಷ್ಟೇ ಮೈಕ್ರೋಬಯಾಲಜಿಯಲ್ಲಿ ಬಿಎಸ್ಸಿ ಮುಗಿಸಿದ್ದೆ. ಮನೆ ಉಳಿಸುವ ಕೆಲಸ ನನ್ನದಾಯಿತು. ನನಗೋ ಒಳಗೊಳಗೇ ಹಬ್ಬ!

ಬಣ್ಣ

ಅಪ್ಪ ಫೋರ್ಟಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರ ಮದ್ದು ಒಂದೇ: ಬೂಷ್ಟಿನ ಮೇಲೆಯೇ ಡಿಸ್ಟೆಂಪರ್ ಬಳಿಯುವುದು.

"ಅಪ್ಪಾ, ಮೊದಲು ಉಜ್ಜಿ ತೆಗೆದು, ಗೋಡೆ ಒಣಗಿದ ಮೇಲೆ ಬಣ್ಣ. ಇಲ್ಲದಿದ್ದರೆ ಬಣ್ಣದಲ್ಲಿರುವ ಅಂಟನ್ನೇ ಅದು ತಿಂದು ಬದುಕುತ್ತದೆ."

"ಹೌದಾ? ಹೋಟೆಲಿನವನ ಮನೆಗೆ ಬಂದವರು ಯಾರಾದ್ರೂ ಹಸಿದು ಹೋದದ್ದುಂಟಾ?" ಎಂದರು ಅಪ್ಪ, ಹೆಮ್ಮೆಯಿಂದ.

ಒಂದು ಗೇಣು

ಉಜ್ಜಿದೆವು, ಒಣಗಿಸಿದೆವು, ಬಣ್ಣ ಬಳಿದೆವು. ಆ ಗೋಡೆಗೆ ಅಂಟಿಕೊಂಡಂತೆ ಒಂದು ಕಬ್ಬಿಣದ ಕಪಾಟು ಇತ್ತು. ಹಿಂದೆ ಗಾಳಿ ಆಡಲೆಂದು ಅದನ್ನು ಒಂದು ಗೇಣು ಮುಂದಕ್ಕೆ ಎಳೆದೆ. ಅಮ್ಮನಿಗೆ ಭಾರೀ ಖುಷಿ.

ಸಂಜೆ ನೋಡುತ್ತೇನೆ, ಆ ಗೇಣಿನೊಳಗೆ ಎರಡು ಚಾಪೆ, ಇಸ್ತ್ರಿ ಮಾಡುವ ಹಲಗೆ, ಗಣಪತಿ ಹಬ್ಬದ ಥರ್ಮಾಕೋಲ್ ಮಂಟಪ!

"ಅಮ್ಮಾ, ಅದು ಗಾಳಿಗೆ ಬಿಟ್ಟ ಜಾಗ!"

"ಎಂತ ಮಾರಾಯಾ, ಈ ಮುಂಬಯಿಯಲ್ಲಿ ಮನುಷ್ಯರಿಗೇ ಜಾಗ ಇಲ್ಲ, ಇವ ಗಾಳಿಗೆ ಒಂದು ಗೇಣು ಕೊಡ್ತಾನಂತೆ!"

ಫ್ಯಾನು

ಅಜ್ಜಿಗೆ ದಿನವೂ ಕುಚ್ಚಲಕ್ಕಿ ಗಂಜಿಯೇ ಆಗಬೇಕು. ಅದು ಮುಚ್ಚಳವಿಲ್ಲದೆ ಗಂಟೆಗಟ್ಟಲೆ ಕುದಿಯುತ್ತದೆ, ಆವಿಯೆಲ್ಲ ಸೀದಾ ಕೋಣೆಗೆ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಗಂಜಿಯ ಹೊತ್ತಿಗೆ ಅದು ತಿರುಗುತ್ತಿತ್ತು, ಮೀನು ಸಾರಿನ ಹೊತ್ತಿಗೆ ನಿಲ್ಲುತ್ತಿತ್ತು. ಕರೆಂಟು ಸರಿ, ಸ್ವಿಚ್ ಸರಿ. ಕೊನೆಗೆ ಅಜ್ಜಿಯನ್ನೇ ಕೇಳಿದೆ.

"ನಾನೇ ಆಫ್ ಮಾಡುವುದು. ಗಂಜಿಯ ಪರಿಮಳಕ್ಕೆ ಯಾರೂ ಬರುವುದಿಲ್ಲ. ಬಂಗುಡೆಯ ಪರಿಮಳ ಹೊರಗೆ ಹೋದರೆ ಪಕ್ಕದ ಮನೆಯವಳು ಬಟ್ಟಲು ಹಿಡಿದುಕೊಂಡೇ ಬರ್ತಾಳೆ!"

ತಪಾಸಣೆ

ಅಂತೂ ಗೇಣು ಖಾಲಿಯಾಯಿತು, ಫ್ಯಾನು ಮೀನಿಗೂ ತಿರುಗಿತು, ಮಳೆ ಬಿಟ್ಟಾಗಲೆಲ್ಲ ಕಿಟಕಿ ತೆರೆಯಿತು. ಜುಲೈ ಕಳೆಯುತ್ತ ಬಂದರೂ ಗೋಡೆ ಹಾಲಿನಂತೆ ಬಿಳಿ! ಒಂದು ಭಾನುವಾರ ಓನರ್ ಅಕ್ಕ ಬಂದರು. ಗೋಡೆಯ ಮೇಲೆ ಬೆರಳಾಡಿಸಿದರು, ಮೂಸಿದರು. ನಾವು ನಾಲ್ವರೂ ಸಾಲಾಗಿ ನಿಂತಿದ್ದೆವು.

"ಒಂದು ಚುಕ್ಕೆ ಸಹ ಇಲ್ವಲ್ಲಾ!" ಎಂದರು. ಅಪ್ಪ ನನ್ನ ಬೆನ್ನು ತಟ್ಟಿದರು. ಅಕ್ಕ ಮುಂದುವರಿಸಿದರು: "ದೀಪಾವಳಿ ಕಳೆದು ನನ್ನ ಮಗನ ಮದುವೆ. ಬೂಷ್ಟಿನ ಮನೆಗೆ ಹೊಸ ಸೊಸೆಯನ್ನು ಹೇಗೆ ಕಳಿಸುವುದು ಅಂತ ಚಿಂತೆಯಾಗಿತ್ತು. ಈಗ ಅವರಿಬ್ಬರಿಗೆ ಇದೇ ಮನೆ ಸಾಕು. ಮುಂದಿನ ತಿಂಗಳು ಅವಳನ್ನೂ ಕರ್ಕೊಂಡು ಬಂದು ತೋರಿಸ್ತೇನೆ."

ಬೆನ್ನ ಮೇಲಿದ್ದ ಅಪ್ಪನ ಕೈ ಅಲ್ಲೇ ನಿಂತಿತು. ಅಜ್ಜಿ ಇದ್ದಕ್ಕಿದ್ದಂತೆ ಜೋರಾಗಿ ಕೆಮ್ಮತೊಡಗಿದರು. "ನೋಡಿ ಅಕ್ಕಾ, ಈ ಮನೆಯ ಥಂಡಿಗೇ ಇವರಿಗೆ ಹೀಗೆ," ಎಂದಳು ಅಮ್ಮ. ಅಕ್ಕ ಅಜ್ಜಿಗೆ ಬಿಸಿನೀರು ಕುಡಿಯಲು ಹೇಳಿ, ನಗುತ್ತ ಹೋದರು.

ಬಾಗಿಲು ಮುಚ್ಚಿದ್ದೇ ತಡ, ಅಮ್ಮ ನನ್ನನ್ನು ಗೋಡೆಯ ಬಳಿಗೆ ಎಳೆದೊಯ್ದಳು.

"ಮಗಾ, ಕಾಲೇಜಲ್ಲಿ ಗಾಜಿನ ತಟ್ಟೆಯಲ್ಲಿ ಬೂಷ್ಟು ಬೆಳೆಸ್ತಿದ್ದೆ ಅಂದಿದ್ದೆಯಲ್ಲಾ. ಇಲ್ಲೊಂದು ಚೂರು ಬೆಳೆಸಿ ಕೊಡು."

"ಅಮ್ಮಾ! ಗೋಡೆ ಕಪ್ಪಾದರೆ ಓನರ್ ಅಕ್ಕ ನಮ್ಮನ್ನು ಹೊರಗೆ ಹಾಕ್ತಾರೆ!"

"ಅದಕ್ಕೇ ಅಳತೆ ಸರಿ ಇರಬೇಕು. ಅತ್ತೆಗೆ ಸಿಟ್ಟು ಬರಬಾರದು, ಸೊಸೆಗೆ ಮನೆ ಹಿಡಿಸಬಾರದು. ಅಷ್ಟೇ ಅಷ್ಟು. ಇಷ್ಟೂ ಆಗದಿದ್ದರೆ ನಿನ್ನ ಬಿಎಸ್ಸಿ ಎಂತಕ್ಕೆ?"