ಕರುಳಿಗೆ ಬಣ್ಣದ ಊಟ

ನಾನು ಒಂದು ಹೇಳಿದರೆ ಕೇಳಿದವರ ಹೊಟ್ಟೆಗೆ ಇನ್ನೊಂದೇ ಹೋಗಿರುತ್ತದೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಕೆಲಸಕ್ಕೆ ಸೇರಿದಂದಿನಿಂದ ಇದು ತಪ್ಪಿಲ್ಲ. ಈಚೆಗೆ ಹೇಳುತ್ತಿರುವುದು ಕ್ಯಾರೊಟಿನಾಯ್ಡ್ ವಿಷಯ. ಕ್ಯಾರೆಟ್, ಸಿಹಿಗುಂಬಳ, ಪರಂಗಿ ಹಣ್ಣಿಗೆ ಬಣ್ಣ ಕೊಡುವ ಅಂಶ ಅದು, ಸೊಪ್ಪಿನಲ್ಲೂ ಇರುತ್ತದೆ. ಬೊಜ್ಜು ಬಂದವರಲ್ಲಿ ಕರುಳಿನ ರೋಗನಿರೋಧಕ ಶಕ್ತಿ ಹದಗೆಡುತ್ತದೆ, ಅದನ್ನು ಸರಿಪಡಿಸಲು ಇದು ನೆರವಾಗಬಹುದು ಎನ್ನುತ್ತಾರೆ. ‘ಬಹುದು’ ಅಷ್ಟೇ. ನನ್ನ ಅರ್ಧ ಗೊಂದಲ ಆ ‘ಬಹುದು’ವಿನಿಂದ. ಉಳಿದರ್ಧ ಜನ ಕೊಟ್ಟಿದ್ದು.

ಚೂರು ಜಿಡ್ಡು

ಹಿರಿಯೂರಿನ ಬಟ್ಟೆ ಅಂಗಡಿ ಮಾಲೀಕರೊಬ್ಬರು ಬಂದರು. ಅವರು ಎದ್ದರೆ ಕುರ್ಚಿಯೂ ಜೊತೆಗೇ ಏಳುವಂಥ ಮೈ. ದಿನಾ ಕ್ಯಾರೆಟ್ ತಿನ್ನಿ ಎಂದೆ. ಹಸಿಯಾಗಿಯೇ ತಿಂದರೆ ಸತ್ವ ಪೂರ್ತಿ ಸಿಗದು, ಚೂರು ಜಿಡ್ಡು ಸೇರಿದರೆ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದೂ ಸೇರಿಸಿದೆ. ಮುಂದಿನ ಸಲ ಬಂದಾಗ ತೂಕ ಇನ್ನೂ ಏರಿತ್ತು. ಕ್ಯಾರೆಟ್ ಬಿಟ್ಟಿರಾ ಎಂದು ಕೇಳಿದೆ. ಒಂದು ದಿನವೂ ತಪ್ಪಿಸಿಲ್ಲವಂತೆ. ಮನೆಯಲ್ಲಿ ತುಪ್ಪ ಸುರಿದು ಹಲ್ವಾ ಮಾಡಿಕೊಡುತ್ತಿದ್ದರಂತೆ. ನಾನು ತೂಕದ ಚೀಟಿಯನ್ನು ಮಾಲೀಕರ ಮುಂದಿಟ್ಟೆ. ಅವರು ಸಮಾಧಾನವಾಗಿ, “ನೀವು ಹೇಳ್ದಂಗೇ ಆತು ಮೇಡಂ. ಚೆನ್ನಾಗಿ ಮೈಗೆ ಹತ್ತೈತೆ” ಎಂದರು.

ಅಜ್ಜಿಯ ಸಂಶಯ

ಹೊಸದುರ್ಗದ ಕಡೆ, ಮತ್ತೋಡಿನಲ್ಲಿ ಹೆಂಗಸರಿಗೆ ಒಂದು ಶಿಬಿರ. ಸೊಪ್ಪು ಜಾಸ್ತಿ ತಿನ್ನಿ, ಕರುಳಿಗೆ ಒಳ್ಳೆಯದು, ಮೈಯೂ ಹಗುರಾಗುತ್ತದೆ ಎಂದು ಹೇಳುತ್ತಿದ್ದೆ. ಮುಂದೆ ಕುಂತಿದ್ದ ಕುರಿ ಸಾಕುವ ಅಜ್ಜಿಯ ಹುಬ್ಬು ಗಂಟಾಯಿತು.

“ಅಲ್ಲಮ್ಮ, ನಾವು ಟಗರು ಕೊಬ್ಸೋದೇ ಸೊಪ್ಪು ಹಾಕಿ. ಅದೆಂಗೆ?”

ಕುರಿಯ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ ಎಂದು ಶುರುಮಾಡಿದೆ. ಕರುಳು, ಅದರೊಳಗಿನ ಜೀವಾಣುಗಳು ಎಂದು ಹೇಳುತ್ತಾ ಹೋದಂತೆ ಎಲ್ಲಿಗೆ ಬಂದು ನಿಂತೆ ಎಂದು ನನಗೇ ತಿಳಿಯಲಿಲ್ಲ. ಅಜ್ಜಿ ಕೊನೆವರೆಗೂ ಕೇಳಿ, ಪಕ್ಕದವರ ಕಡೆ ತಿರುಗಿದರು. “ಬಿಡ್ರಿ ಪಾಪ, ಕುರಿ ಸಾಕಿದೋರಲ್ಲ.”

ಹಳದಿ ಅಂಗೈ

ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಿಂದ ತೂಕ ಇಳಿಸಲು ಬಂದಿದ್ದ ಗೃಹಿಣಿಯೊಬ್ಬರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಬೆಳಗ್ಗೆ ಕ್ಯಾರೆಟ್, ಮಧ್ಯಾಹ್ನ ಪರಂಗಿ, ರಾತ್ರಿ ಕುಂಬಳದ ಪಲ್ಯ. ಒಂದು ದಿನ ರೊಟ್ಟಿ ತಟ್ಟುವಾಗ ಅವರ ಅಂಗೈ ಹಳದಿಯಾಗಿರುವುದು ಅತ್ತೆಯ ಕಣ್ಣಿಗೆ ಬಿತ್ತು. ಕಾಮಾಲೆ ಎಂದು ಮನೆಯೆಲ್ಲ ಗಾಬರಿ. ಗಂಡ ನಾಟಿ ಔಷಧಿ ಕೊಡುವವರ ಹತ್ತಿರ ಓಡಿದರು. ಅವರು ಎಣ್ಣೆ, ಸಿಹಿ ಎಲ್ಲ ಬಿಡಿಸಿ ಬರೀ ಗಂಜಿ, ಮಜ್ಜಿಗೆಗೆ ಇಳಿಸಿದರು. ನಾನು ಹೇಳಿದ್ದೆಂದು ಆಕೆ ಕ್ಯಾರೆಟ್ ಮಾತ್ರ ಬಿಡಲಿಲ್ಲ. ಹಳದಿಯೂ ಬಿಡಲಿಲ್ಲ.

ಕೊನೆಗೆ ನಮ್ಮಲ್ಲಿಗೇ ಕರೆತಂದರು. ಡಾಕ್ಟರು ನೋಡಿದರೆ ಕಣ್ಣು ಬೆಳ್ಳಗೇ ಇದೆ, ರಕ್ತವೂ ಸರಿ ಇದೆ. ಅವರಿಗೂ ತಲೆಬುಡ ತಿಳಿಯದೆ ನನ್ನನ್ನು ಕರೆಸಿದರು. ಏನೇನು ತಿಂದಿರಿ ಎಂದು ಕೇಳಿದ ಮೇಲೆ ಗೊತ್ತಾಯಿತು, ಅದು ಬರೀ ಕ್ಯಾರೆಟ್ಟಿನ ಬಣ್ಣ. ಕಡಿಮೆ ಮಾಡಿದರೆ ತಾನಾಗಿ ಹೋಗುತ್ತದೆ ಎಂದೆ. ಗಂಡ ಅಲ್ಲೇ ನೆಲದ ಮೇಲೆ ಕುಂತು ಕಣ್ಣೊರೆಸಿಕೊಂಡರು.

ಆಕೆಯ ತೂಕ ನೋಡಿದರೆ ಚೆನ್ನಾಗಿ ಇಳಿದಿತ್ತು. ಕ್ಯಾರೆಟ್ಟಿನಿಂದಲೋ ಗಂಜಿಯಿಂದಲೋ ಹೆದರಿಕೆಯಿಂದಲೋ, ಡಾಕ್ಟರಿಗೂ ಗೊತ್ತಾಗಲಿಲ್ಲ, ನನಗೂ ಇಲ್ಲ. ಧೈರ್ಯಕ್ಕೆಂದು ಜೊತೆಗೆ ಬಂದಿದ್ದ ಪಕ್ಕದ ಮನೆಯ ದಪ್ಪನೆಯಾಕೆ ತೂಕದ ಮುಳ್ಳನ್ನೇ ನೋಡುತ್ತಿದ್ದರು. ಎಲ್ಲರೂ ಹೊರಟ ಮೇಲೆ ಮೆಲ್ಲಗೆ ಹತ್ತಿರ ಬಂದರು.

“ಮೇಡಂ, ನಂಗೂ ಇದೇ ಕಾಮಾಲೆ ಬರೋ ಹಂಗೆ ಏನಾರ ಬರ್ಕೊಡ್ರಿ.”